ನಾಲ್ಕರ ಎಣ್ಣೆ, ಐದರ ಎಣ್ಣೆ

ಕಳೆದ ಎಪ್ರಿಲ್ ತಿಂಗಳ ಒಂದು ಸಂಜೆ ನೆರೆಮನೆಯ ಹುಡುಗ ಕೈಯಲ್ಲೊಂದು ಎಣ್ಣೆಯ ಡಬ್ಬಿ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದ. ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದು ಫಲಿತಾಂಶಕ್ಕಾಗಿ ಕಾಯುತ್ತಿದ್ದವನು, ಒಂದನೆಯ ತರಗತಿಯಿಂದಲೂ ಕನ್ನಡ ಮಾಧ್ಯಮದಲ್ಲಿ ಕಲಿತವನು, ಐ.ಟಿ.ಐ. ಸೇರಬೇಕೆಂಬ ಆಸೆಯುಳ್ಳವನು. ಅವನ ಅಜ್ಜನ ಕಾಲದ ಅಂಬಾಸಿಡರ್ ಕಾರೊಂದು ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೆ ಐದಾರು ವರ್ಷಗಳಿಂದ ನಿಂತಿದೆ. ರಜೆ ಮುಗಿಯುವುದರೊಳಗೆ ಅದನ್ನು ಗೇಟಿನ ತನಕವಾದರೂ ಓಡಿಸಬೇಕೆಂಬುದು ಅವನ ಹಟ.

"ಮಾವ, ಗೇರ್ ಬಾಕ್ಸಿಗೆ ಆಯಿಲ್ ತಂದಿದ್ದೇನೆ. ಅಂಗಡಿಯಲ್ಲಿ ಎರಡು ಬಗೆ ಇತ್ತು, ಜಿ.ಎಲ್. ನಾಲ್ಕು ಮತ್ತು ಐದು. ನಾಲ್ಕಕ್ಕಿಂತ ಐದು ಒಳ್ಳೆಯದಂತೆ. ಸ್ವಲ್ಪ ಹಣ ಹೆಚ್ಚಾದರೂ ಅಡ್ಡಿಯಿಲ್ಲವೆಂದು ಅದನ್ನೇ ತಂದೆ" ಎಂದ.

ಡಬ್ಬಿಯನ್ನು ಜಗಲಿಯ ಮೇಲೆ ಇಡಿಸಿದೆ. "ಮುಚ್ಚಳ ತೆರೆಯಬೇಡ ಮಾರಾಯ, ಮೊದಲು ಕುಳಿತುಕೋ" ಎಂದೆ. ಅವನು ಹೇಳಿದ ಮಾತು ಒಂದಕ್ಷರವೂ ಬದಲಾಗದೆ ಇಪ್ಪತ್ತು ವರ್ಷಗಳಿಗೂ ಹಿಂದೆ ನನ್ನ ಮನಸ್ಸಿನಲ್ಲಿದ್ದ ಮಾತೇ ಆಗಿತ್ತು. ಅಂದು ನನ್ನನ್ನು ತಡೆದು ಕುಳ್ಳಿರಿಸುವವರು ಯಾರೂ ಇರಲಿಲ್ಲ.

ನಾನು ಕೆಲಸ ಕಲಿತದ್ದು ಬದಿಯಡ್ಕದ ಒಂದು ಗ್ಯಾರೇಜಿನಲ್ಲಿ. ಆ ಕಾಲದಲ್ಲಿ ಅಲ್ಲಿಗೆ ಬರುತ್ತಿದ್ದುದು ಬಾಡಿಗೆಯ ಅಂಬಾಸಿಡರ್‌ಗಳು ಮತ್ತು ಜೀಪುಗಳು. ನಮ್ಮ ಮೇಸ್ತ್ರಿಯ ಶಾಸ್ತ್ರ ಬಹಳ ಸರಳವಾದದ್ದು: ಎಂಜಿನ್ನಿಗೆ ತೆಳು ಎಣ್ಣೆ, ಹಲ್ಲುಚಕ್ರ ಇರುವಲ್ಲೆಲ್ಲ ತೊಂಬತ್ತರ ದಪ್ಪ ಎಣ್ಣೆ. ಕಾರಣ ಕೇಳಿದರೆ "ಮೊದಲು ಸ್ಪ್ಯಾನರ್ ತೊಳೆದಿಡು" ಎಂಬ ಉತ್ತರ ಸಿಗುತ್ತಿತ್ತು. ಆ ಶಾಸ್ತ್ರದಿಂದ ನಮಗೆ ತೊಂದರೆಯಾದ ನೆನಪಿಲ್ಲ. ಆದುದರಿಂದ 1994ರಲ್ಲಿ ಶಾರ್ಜಾಕ್ಕೆ ಹೋದಾಗ ಅದನ್ನು ಬಟ್ಟೆಬರೆಯ ಜೊತೆಗೆ ಕಟ್ಟಿಕೊಂಡೇ ಹೋದೆ.

ಅಲ್ಲಿನ ಕೈಗಾರಿಕಾ ಪ್ರದೇಶದ ಗ್ಯಾರೇಜೊಂದರಲ್ಲಿ ಏಳು ವರ್ಷ ಕಳೆದ ಮೇಲೆ, 2001ರ ಚಳಿಗಾಲದಲ್ಲಿ, ಒಂದು ದಿನ ಹಸಿರು ಬಣ್ಣದ ಪುಟ್ಟ ಕಾರೊಂದು ಬಂತು. ಎರಡೇ ಆಸನ, ಮಡಚಿಡಬಹುದಾದ ಬಟ್ಟೆಯ ಮಾಡು, ನೆಲಕ್ಕೆ ತಾಗುವಷ್ಟು ತಗ್ಗು. ಎಂ.ಜಿ.ಬಿ. ಎಂದು ಅದರ ಹೆಸರು. ಇಂಗ್ಲೆಂಡಿನ ಅಬಿಂಗ್ಡನ್ ಎಂಬ ಊರಿನಲ್ಲಿ 1962ರಿಂದ 1980ರ ತನಕ ತಯಾರಾದ ಸ್ಪೋರ್ಟ್ಸ್ ಕಾರು. ನಮ್ಮಲ್ಲಿಗೆ ಬಂದದ್ದು 1971ರದು. ಬಾನೆಟ್ಟು ಎತ್ತಿದ ಕೂಡಲೇ ನನಗೆ ಊರಿನವರೊಬ್ಬರು ಎದುರಿಗೆ ಸಿಕ್ಕಿದಂತಾಯಿತು. ಅಂಬಾಸಿಡರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನೂ ಇದರ 1798 ಸಿ.ಸಿ. ಎಂಜಿನ್ನೂ ಒಂದೇ ಮನೆತನದವು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ 'ಬಿ' ಸರಣಿಗೆ ಸೇರಿದವು. ನಮ್ಮ ಹಳೆಯ ಅಂಬಾಸಿಡರ್‌ಗಳಲ್ಲಿದ್ದ ಎಸ್.ಯು. ಕಾರ್ಬುರೇಟರ್ ಇಲ್ಲಿ ಒಂದರ ಬದಲು ಎರಡು. ಉಳಿದ ಮೆಕ್ಯಾನಿಕರು ದೂರದಿಂದ ನೋಡುತ್ತಿದ್ದಾಗ ನಾನು ಮುಂದೆ ಹೋಗಿ "ಇದನ್ನು ನಾನು ಬಲ್ಲೆ" ಎಂದೆ. ಅರ್ಧ ಸತ್ಯವಾಗಿದ್ದ ಆ ಮಾತೇ ಮುಂದಿನ ತೊಂದರೆಗೆ ಬೀಜವಾಯಿತು.

ಕಾರಿನ ಯಜಮಾನರು ಹಡಗಿನ ಎಂಜಿನಿಯರ್ ಆಗಿ ನಿವೃತ್ತರಾದ ಇಂಗ್ಲಿಷ್ ಹಿರಿಯರು. ಎಲ್ಲ ಎಣ್ಣೆಗಳನ್ನೂ ಬದಲಿಸಬೇಕೆಂದು ಹೇಳಿ ಕಾರಿನ ಕೈಪಿಡಿಯನ್ನು ನನ್ನ ಕೈಗಿತ್ತು ಹೋದರು. ಕೈಪಿಡಿಯ ಕೊನೆಯಲ್ಲಿ ಎಣ್ಣೆಗಳ ಒಂದು ಪಟ್ಟಿಯಿತ್ತು. ನಾನು ಅದರಲ್ಲಿ ಹುಡುಕಿದ್ದು ನನಗೆ ಮೊದಲೇ ತಿಳಿದಿದ್ದ 90 ಎಂಬ ಅಂಕಿಯನ್ನು. ಅದು ಸಿಕ್ಕಿತು, ಪುಸ್ತಕ ಮುಚ್ಚಿದೆ. ಆ 90 ಹಿಂದಿನ ಆಕ್ಸಲಿಗೆ ಮಾತ್ರ ಸಂಬಂಧಿಸಿದ್ದೆಂದೂ, ಗೇರ್ ಬಾಕ್ಸ್ ಎಂಬ ಪದ ಅದಕ್ಕಿಂತ ಮೇಲಿನ ಸಾಲಿನಲ್ಲಿ ಎಂಜಿನ್ನಿನ ಜೊತೆಗೆ ಇತ್ತೆಂದೂ ಗಮನಿಸಲಿಲ್ಲ. ಗಮನಿಸಲಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಇಂಗ್ಲಿಷಿನ ಸಾಲುಗಳನ್ನು ಒಂದೊಂದೇ ಪದ ಕೂಡಿಸಿ ಓದಲು ನನಗೆ ಸಮಯ ಬೇಕಾಗುತ್ತಿತ್ತು. ಸುತ್ತಲಿನವರ ಎದುರು ತುಟಿ ಅಲ್ಲಾಡಿಸುತ್ತ ಓದಲು ನಾಚಿಕೆಯಾಗುತ್ತಿತ್ತು. ಅಂಗಡಿಯಿಂದ ಜಿ.ಎಲ್. 5 ಎಂದು ಬರೆದಿದ್ದ ದುಬಾರಿ ಡಬ್ಬಿಯನ್ನೇ ತರಿಸಿ ಆಕ್ಸಲಿಗೂ ಹಾಕಿದೆ, ಗೇರ್ ಬಾಕ್ಸಿಗೂ ಹಾಕಿದೆ. ಒಳ್ಳೆಯ ಕಾರಿಗೆ ಒಳ್ಳೆಯ ಎಣ್ಣೆ ಎಂಬ ಸಂತೋಷವೂ ಆಯಿತು.

ಎರಡು ವಾರಗಳಲ್ಲಿ ಕಾರು ಮರಳಿ ಬಂತು. ಬೆಳಗಿನ ಹೊತ್ತು ಗೇರು ಬೀಳುವುದಿಲ್ಲ, ಬಲವಂತಪಡಿಸಿದರೆ ಕರಕರ ಸದ್ದು; ಅದಕ್ಕಿಂತ ಮುಖ್ಯವಾಗಿ ಓವರ್‌ಡ್ರೈವ್ ಹಿಡಿಯುತ್ತಿಲ್ಲ, ಹಿಡಿದರೂ ಜಾರುತ್ತದೆ. ಗೇರ್ ಬಾಕ್ಸಿನ ಹಿಂಭಾಗಕ್ಕೆ ಜೋಡಿಸಿರುವ ಉಪಕರಣವದು. ಉದ್ದನೆಯ ರಸ್ತೆಯಲ್ಲಿ ಗುಂಡಿಯೊಂದನ್ನು ಒತ್ತಿದರೆ ವೇಗ ಕುಗ್ಗದೆ ಎಂಜಿನ್ನಿನ ಸುತ್ತುಗಳು ಕಡಿಮೆಯಾಗುತ್ತವೆ. ಗುಂಡಿ, ತಂತಿ, ಸೊಲೆನಾಯ್ಡ್ ಎಲ್ಲ ಇರುವುದರಿಂದ ದೋಷ ವಿದ್ಯುತ್ತಿನದೆಂದೇ ನಮ್ಮ ಫೋರ್‌ಮನ್ ತೀರ್ಮಾನಿಸಿದರು. ತಂತಿ ಕೆಲಸ ಮಾಡಿದ್ದವನು ಪೇಶಾವರದ ಕಡೆಯ ಇಪ್ಪತ್ತರ ಹರೆಯದ ಹುಡುಗ. ಎರಡು ದಿನ ಅವನನ್ನು ಬಯ್ದರು. ಸಂಬಳದಲ್ಲಿ ಕಡಿತ ಮಾಡುವ ಮಾತೂ ಬಂತು. ಅವನು ಮತ್ತೆ ಮತ್ತೆ ತಂತಿ ಬಿಚ್ಚಿ ಜೋಡಿಸುತ್ತಿದ್ದ. ತಪ್ಪು ಎಲ್ಲಿದೆಯೆಂದು ನನಗೆ ಖಚಿತವಾಗಿ ಗೊತ್ತಿರಲಿಲ್ಲ. ಆದರೆ ಮುಚ್ಚಿಟ್ಟ ಕೈಪಿಡಿಯ ನೆನಪಾದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು. ಎರಡನೆಯ ರಾತ್ರಿ ಆ ಪುಟವನ್ನು ಕೋಣೆಗೆ ಒಯ್ದು ನಿಘಂಟಿನ ಸಹಾಯದಿಂದ ಮೊದಲಿನಿಂದ ಕೊನೆಯ ತನಕ ಓದಿದೆ. ಎಂಜಿನ್, ಗೇರ್ ಬಾಕ್ಸ್, ಓವರ್‌ಡ್ರೈವ್ — ಮೂರಕ್ಕೂ ಒಂದೇ ಎಣ್ಣೆ, ಎಂಜಿನ್ನಿಗೆ ಹಾಕುವ 20ಡಬ್ಲ್ಯು-50.

ಬೆಳಗ್ಗೆ ಯಜಮಾನರು ಬಂದಾಗ ಎಲ್ಲರ ಎದುರಿನಲ್ಲೇ ಹೇಳಿದೆ. ನನ್ನ ಹಿಂದಿ, ಇಂಗ್ಲಿಷ್, ಮಲಯಾಳಗಳು ಒಂದರೊಳಗೊಂದು ಸಿಕ್ಕಿಕೊಂಡು ಮಾತು ಅಸ್ತವ್ಯಸ್ತವಾಯಿತು. ಆ ಹಿರಿಯರು ಬಯ್ಯಲಿಲ್ಲ. ಕೈಪಿಡಿ ತರಿಸಿ, ಆ ಸಾಲಿನ ಮೇಲೆ ಬೆರಳಿರಿಸಿ ಗಟ್ಟಿಯಾಗಿ ಓದಿಸಿದರು. ಆಮೇಲೆ ಕೇಳಿದರು: "ಗೇರ್ ಬಾಕ್ಸಿಗೆ ಗೇರ್ ಆಯಿಲ್ ಯಾಕೆ ಬೇಡ? ನೀನೇ ಯೋಚಿಸಿ ಹೇಳು."

ಯೋಚಿಸಲು ಇಂಗ್ಲಿಷಿನಲ್ಲಿ ನನ್ನ ಬಳಿ ಪದಗಳಿರಲಿಲ್ಲ. ಇದ್ದುದು ಒಂಬತ್ತನೆಯ ತರಗತಿಯಲ್ಲಿ ವಿಜ್ಞಾನದ ಮಾಷ್ಟ್ರು ಕಲಿಸಿದ 'ಘರ್ಷಣೆ' ಎಂಬ ಒಂದು ಪದ. ಅವರು ಅದನ್ನು ಕಲಿಸಿದ್ದು ಆಟಿ ತಿಂಗಳ ಮಳೆಯಲ್ಲಿ. ಶಾಲೆಯ ಅಂಗಳಕ್ಕೆ ಪಾಚಿ ಹಿಡಿದು ಮಕ್ಕಳು ಸಾಲಾಗಿ ಜಾರಿ ಬೀಳುತ್ತಿದ್ದರು. "ಇಲ್ಲಿ ಘರ್ಷಣೆ ಸಾಲದು; ಆದ್ದರಿಂದ ಬೀಳುತ್ತೀರಿ" ಎಂದು ಹೇಳಿ ಅಡಿಕೆಯ ಸೋಗೆ ತರಿಸಿ ಹಾಸಿದರು. ಸೋಗೆಯ ಮೇಲೆ ಕಾಲು ನಿಂತಿತು. ಘರ್ಷಣೆಯೆಂದರೆ ಯಂತ್ರವನ್ನು ಸವೆಸುವ ಶತ್ರು ಮಾತ್ರವಲ್ಲ, ಅದಿಲ್ಲದೆ ಎದ್ದು ನಿಲ್ಲಲೂ ಆಗದು ಎಂಬುದು ಅಂದಿನ ಪಾಠ.

ಹಳೆಯ ಗೇರ್ ಬಾಕ್ಸಿನೊಳಗಿನ ವ್ಯವಹಾರವೂ ಇಷ್ಟೇ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳ ಹಲ್ಲುಗಳು ನೇರವಾಗಿ ಕೂಡಿಕೊಳ್ಳಲಾರವು; ಕೂಡಿಸಹೋದರೆ ಕರಕರ ಸದ್ದು. ಆದ್ದರಿಂದ ನಡುವೆ ಹಿತ್ತಾಳೆಯಂಥ ಲೋಹದ ಒಂದು ಬಳೆ ಇರುತ್ತದೆ, ಸಿಂಕ್ರೋ ರಿಂಗ್ ಎನ್ನುತ್ತಾರೆ. ಗೇರು ಹಾಕುವಾಗ ಈ ಬಳೆ ಮೊದಲು ಹೋಗಿ ಚಕ್ರದ ಉಕ್ಕಿನ ಶಂಕುವಿಗೆ ಒತ್ತಿಕೊಂಡು, ಉಜ್ಜಿ, ಎರಡರ ವೇಗವನ್ನೂ ಸಮ ಮಾಡುತ್ತದೆ. ಆಮೇಲೆ ಹಲ್ಲುಗಳು ಸದ್ದಿಲ್ಲದೆ ಕೂಡುತ್ತವೆ. ಉಜ್ಜುವುದೇ ಆ ಬಳೆಯ ಉದ್ಯೋಗ. ಅದರ ಮೈಮೇಲಿನ ಸಣ್ಣ ಗೀರುಗಳು ಎಣ್ಣೆಯನ್ನು ಕ್ಷಣಾರ್ಧದಲ್ಲಿ ಒರಸಿ ತೆಗೆಯಬೇಕು. ಎಣ್ಣೆ ಅತಿಯಾಗಿ ಜಾರುವಂಥದ್ದಾದರೆ, ಇಲ್ಲವೇ ಚಳಿಗೆ ಬೆಲ್ಲದ ಪಾಕದಂತೆ ದಪ್ಪಗಾದರೆ, ಬಳೆ ಪಾಚಿಯ ಮೇಲೆ ಕಾಲಿಟ್ಟಂತೆ ಜಾರುತ್ತದೆ. ಓವರ್‌ಡ್ರೈವಿನ ಒಳಗೂ ಶಂಕುವಿನ ಆಕಾರದ ಕ್ಲಚ್ಚಿದೆ; ಅದೂ ಅದೇ ಎಣ್ಣೆಯಲ್ಲಿ ಮುಳುಗಿಕೊಂಡೇ ಬಿಗಿಯಾಗಿ ಹಿಡಿಯಬೇಕು. ಅದನ್ನು ಒತ್ತುವುದೂ ಅದೇ ಎಣ್ಣೆಯ ಒತ್ತಡ. ನಾನು ಇವೆಲ್ಲವನ್ನೂ ಕೈಸನ್ನೆಯಲ್ಲೇ ಹೇಳಿದೆ. ಹಿರಿಯರು ನಕ್ಕು "ಹೌದು" ಎಂದರು. ಪೇಶಾವರದ ಹುಡುಗನ ಕಡೆ ತಿರುಗಿ ನೋಡಲು ನನಗೆ ಆ ದಿನ ಧೈರ್ಯವಾಗಲಿಲ್ಲ. ಸಂಬಳ ಕಡಿತವಾದದ್ದು ನನ್ನದು. ಅದರಲ್ಲಿ ನನಗೆ ಬೇಸರವಿರಲಿಲ್ಲ.

ಇನ್ನು ನಾಲ್ಕು, ಐದು ಎಂಬ ಅಂಕಿಗಳ ಮಾತು. ಇವು ತರಗತಿಗಳಂತೆ ಒಂದಕ್ಕಿಂತ ಒಂದು ಮೇಲಿನವಲ್ಲ. ಬೇರೆ ಬೇರೆ ಕೆಲಸದ ಹೆಸರುಗಳು. ಹಲ್ಲುಗಳ ನಡುವೆ ಒತ್ತಡ ಅತಿಯಾದಾಗ ಬರೀ ಎಣ್ಣೆಯ ಪೊರೆ ಹರಿದುಹೋಗುತ್ತದೆ. ಆಗ ನೆರವಿಗೆ ಬರಲೆಂದು ಗೇರ್ ಆಯಿಲಿಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಇವು ಬಿಸಿಯಾದ ಉಕ್ಕಿನ ಮೈಯೊಡನೆ ವರ್ತಿಸಿ ತೆಳುವಾದೊಂದು ಪದರ ಕಟ್ಟುತ್ತವೆ. ಉಕ್ಕಿನ ಬದಲಿಗೆ ಆ ಪದರ ಸವೆಯುತ್ತದೆ. ಐದರ ಎಣ್ಣೆಯಲ್ಲಿ ಈ ಸಂಯುಕ್ತಗಳ ಪ್ರಮಾಣ ಸಾಮಾನ್ಯವಾಗಿ ನಾಲ್ಕರದಕ್ಕಿಂತ ಇಮ್ಮಡಿಯಷ್ಟು. ಉಕ್ಕು ಉಕ್ಕಿಗೆ ತಾಗುವಲ್ಲಿ ಇದು ರಕ್ಷೆ. ಆದರೆ ಹಿತ್ತಾಳೆ, ಕಂಚುಗಳಲ್ಲಿ ತಾಮ್ರವಿದೆ. ಗಂಧಕಕ್ಕೂ ತಾಮ್ರಕ್ಕೂ ಇರುವ ಒಲವು ರಸಾಯನಶಾಸ್ತ್ರ ಓದಿದ ಎಲ್ಲ ಮಕ್ಕಳಿಗೂ ಗೊತ್ತು. ಬಿಸಿಯೇರಿದಾಗ ಗಂಧಕ ಆ ಮೆದು ಲೋಹವನ್ನು ಕಪ್ಪಾಗಿಸಿ ತಿನ್ನಬಲ್ಲದು. ಈಚಿನ ಐದರ ಎಣ್ಣೆಗಳಲ್ಲಿ ಗಂಧಕವನ್ನು ಸಾಕಷ್ಟು ಪಳಗಿಸಿರುತ್ತಾರೆ, ಎಲ್ಲವೂ ಹಿತ್ತಾಳೆಯನ್ನು ತಿನ್ನುತ್ತವೆ ಎನ್ನುವುದು ಅನ್ಯಾಯದ ಮಾತು. ಆದರೂ ಹಿತ್ತಾಳೆಯ ಬಳೆಯಿರುವ ಹಳೆಯ ಗೇರ್ ಬಾಕ್ಸಿಗೆ, ಕೈಪಿಡಿ ಹೇಳದೆ, ನಾನು ಐದನ್ನು ಹಾಕಲಾರೆ.

ಅಂಕಿಗಳ ಇನ್ನೊಂದು ಮೋಸವೂ ಇದೆ. ಗೇರ್ ಆಯಿಲಿನ 90 ಎಂದರೆ ಎಂಜಿನ್ ಆಯಿಲಿನ 50ಕ್ಕಿಂತ ಬಹಳ ದಪ್ಪವೆಂದು ನಮ್ಮ ಮೇಸ್ತ್ರಿಯೂ ನಂಬಿದ್ದರು, ನಾನೂ ನಂಬಿದ್ದೆ. ಎರಡೂ ಬೇರೆ ಬೇರೆ ಅಳತೆಗೋಲುಗಳು, ಸೇರು ಮತ್ತು ಕಿಲೋ ಇದ್ದ ಹಾಗೆ. ನೂರು ಡಿಗ್ರಿ ಬಿಸಿಯಲ್ಲಿ ಇವೆರಡರ ಸ್ನಿಗ್ಧತೆ ಹೆಚ್ಚುಕಡಿಮೆ ಸರಿಸಮಾನ. ವ್ಯತ್ಯಾಸ ತೋರುವುದು ತಣ್ಣಗಿರುವಾಗ. 20ಡಬ್ಲ್ಯು-50 ಬೆಳಗಿನ ಚಳಿಯಲ್ಲೂ ತಕ್ಕಮಟ್ಟಿಗೆ ಹರಿಯುತ್ತದೆ, ಬರೀ 90 ಹರಿಯಲು ಮನಸ್ಸು ಮಾಡುವುದಿಲ್ಲ. ಶಾರ್ಜಾದ ಚಳಿಯೂ ಅದಕ್ಕೆ ಸಾಕಾಯಿತು.

ಎಣ್ಣೆ ಇಳಿಸಿದಾಗ ಬೋಗುಣಿಯಲ್ಲಿ ಬಂಗಾರದ ಹುಡಿಯಂತೆ ಏನೋ ಮಿನುಗಿತು. ಅದು ನನ್ನ ಎಣ್ಣೆ ತಿಂದ ಹಿತ್ತಾಳೆಯೋ, ಮೂವತ್ತು ವರ್ಷಗಳ ಸಹಜ ಸವೆತವೋ ನಿರ್ಧರಿಸುವ ಉಪಾಯವಿರಲಿಲ್ಲ. ಓವರ್‌ಡ್ರೈವಿನ ಅಡಿಮುಚ್ಚಳ ಬಿಚ್ಚಿ ಜಾಲರಿ ತೊಳೆದು, ಎರಡು ಸಲ ಎಂಜಿನ್ ಆಯಿಲ್ ಹಾಕಿ, ಓಡಿಸಿ, ಇಳಿಸಿ, ಮೂರನೆಯ ಸಲ ಹಾಕಿದ್ದನ್ನು ಉಳಿಸಿದೆವು. ಓವರ್‌ಡ್ರೈವ್ ಹಿಡಿಯಿತು.

ಆ ಮೇಲೆ ಆ ಕಾರಿನ ಹೊಣೆ ನನಗೇ ಉಳಿಯಿತು. ಇನ್ನೂರು ಪುಟದ ಪುಸ್ತಕವೊಂದರಲ್ಲಿ ಅದರ ಪ್ರತಿಯೊಂದು ದ್ರವವನ್ನೂ ಕಾರಣಸಹಿತ ಕನ್ನಡದಲ್ಲಿ ಬರೆದಿಡತೊಡಗಿದೆ. ಕಾರ್ಬುರೇಟರಿನ ತಲೆಯೊಳಗೆ ಒಂದು ಚಮಚದಷ್ಟು ತೆಳು ಎಣ್ಣೆ ಬೇಕು, ಒಳಗಿನ ಪಿಸ್ಟನ್ ಗಕ್ಕನೆ ಮೇಲೇಳದಿರಲು. ಅಂಬಾಸಿಡರಿನಲ್ಲಿ ಅದನ್ನು ಎಷ್ಟು ಸಲ ಮರೆತಿದ್ದೆವೋ! ಎಂಜಿನ್ ಎಣ್ಣೆಯ ವಿಷಯದಲ್ಲಿ ಕಲಿತದ್ದು ಸತುವಿನ ಮಹತ್ವ. ಹಳೆಯ ಎಂಜಿನ್‌ಗಳಲ್ಲಿ ಕ್ಯಾಮ್ ಮತ್ತು ಟ್ಯಾಪೆಟ್ ನೇರವಾಗಿ ಉಜ್ಜಿಕೊಳ್ಳುತ್ತವೆ. ಅವುಗಳನ್ನು ಕಾಯುವುದು ಎಣ್ಣೆಯಲ್ಲಿರುವ ಸತು ಮತ್ತು ರಂಜಕದ ಸಂಯುಕ್ತ. ಹೊಗೆ ಶುದ್ಧಿ ಮಾಡುವ ಉಪಕರಣವನ್ನು ರಂಜಕ ಕೆಡಿಸುವುದರಿಂದ ಹೊಸ ಕಾರುಗಳ ತೆಳು ಎಣ್ಣೆಗಳಲ್ಲಿ ಅದರ ಪ್ರಮಾಣವನ್ನು ತಗ್ಗಿಸಿದ್ದಾರೆ. ಅದು ಹೊಸ ಕಾರಿಗೆ ಸರಿ. ಹಳೆಯದಕ್ಕೆ ಹಳೆಯ ಬಗೆಯ 20ಡಬ್ಲ್ಯು-50 ಸಾಕು. ಅದು ಅಗ್ಗವೂ ಹೌದು.

ಆ ಪುಸ್ತಕದಲ್ಲಿ ಅತಿ ಹೆಚ್ಚು ಪುಟಗಳು ಬ್ರೇಕ್ ಆಯಿಲಿಗೆ ಹೋಗಿವೆ. ಅದಕ್ಕೆ ಕಾರಣ ಶಾರ್ಜಾ ಅಲ್ಲ, ಸಂಪಾಜೆ ಘಾಟಿ. ನಾನಿನ್ನೂ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಮದುವೆಯ ದಿಬ್ಬಣವೊಂದನ್ನು ಮಡಿಕೇರಿಗೆ ಕರೆದೊಯ್ದ ಅಂಬಾಸಿಡರಿನಲ್ಲಿ ಮೇಸ್ತ್ರಿಯೊಡನೆ ನಾನೂ ಇದ್ದೆ. ಮರಳಿ ಬರುವಾಗ ಒಳಗೆ ಎಂಟು ಜನ, ಅವರಲ್ಲಿ ಮೂವರು ಮಕ್ಕಳು. ಘಾಟಿಯ ಅರ್ಧದಲ್ಲಿ ಬ್ರೇಕಿನ ಪೆಡಲ್ ಒದ್ದೆ ಹತ್ತಿಯ ಮೇಲೆ ಕಾಲಿಟ್ಟಂತೆ ಕೆಳಗಿಳಿಯಿತು. ಮೇಸ್ತ್ರಿ ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಡಬದಿಯ ದರೆಗೆ ಒರಗಿಸಿ ನಿಲ್ಲಿಸಿದರು. ಒಂದು ಗಂಟೆಯಾದ ಮೇಲೆ ಪೆಡಲ್ ತಾನಾಗಿ ಗಟ್ಟಿಯಾಯಿತು. ಎಲ್ಲಿಯೂ ಸೋರಿಕೆಯಿಲ್ಲ, ಏನೂ ಮುರಿದಿಲ್ಲ. ದೈವ ಕಾಪಾಡಿತು ಎಂದರು. ಕಾರಣ ಯಾರಿಗೂ ತಿಳಿಯಲಿಲ್ಲ.

ತಿಳಿದದ್ದು ಆ ಹಿರಿಯರಿಂದ. ಓಡಲಿ ಓಡದಿರಲಿ, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಲೇಬೇಕೆಂದು ಅವರು ಹೇಳಿದಾಗ ನಾನು ದುಂದು ಎಂದುಕೊಂಡೆ. ಹೆಸರಿಗೆ ಆಯಿಲ್ ಆದರೂ ಅದು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ದ್ರವ, ಮಳೆಗಾಲದ ಉಪ್ಪಿನಂತೆ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 3 ಎಂಬ ವರ್ಗದ ದ್ರವ ಹೊಸತಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ನೂರಕ್ಕೆ ನಾಲ್ಕು ಪಾಲಿನಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಘಾಟಿ ಇಳಿಯುವಾಗ ಒಂದೇ ಸಮನೆ ಬ್ರೇಕ್ ಒತ್ತಿದರೆ ಡ್ರಮ್ಮಿನ ಬಿಸಿ ಸಿಲಿಂಡರಿಗೆ ತಲುಪಿ ಹಳೆಯ ದ್ರವ ಕುದಿಯುತ್ತದೆ, ಆವಿಯಾಗುತ್ತದೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಪೆಡಲ್ ಇಳಿಯುವುದು ಅದಕ್ಕೇ. ತಣಿದಾಗ ಆವಿ ಮತ್ತೆ ದ್ರವವಾಗುತ್ತದೆ. ಆ ಕಾರಿನ ಬ್ರೇಕ್ ದ್ರವವನ್ನು ನಾವು ಎಷ್ಟು ಮಳೆಗಾಲ ಬದಲಿಸದೆ ಬಿಟ್ಟಿದ್ದೆವೋ! ಕಡಿಮೆಯಾದಾಗ ಮೇಲಿನಿಂದ ತುಂಬುತ್ತಿದ್ದೆವು, ಅದೂ ಕಪಾಟಿನಲ್ಲಿ ಮುಚ್ಚಳ ಸಡಿಲವಾಗಿ ಕುಳಿತಿದ್ದ ಬಾಟಲಿಯಿಂದ. ಆ ಮೂವರು ಮಕ್ಕಳಲ್ಲಿ ಒಬ್ಬಳು ಈಗ ನಮ್ಮೂರಿನ ಶಾಲೆಯಲ್ಲೇ ಅಧ್ಯಾಪಿಕೆ. ಅವಳನ್ನು ಕಂಡಾಗಲೆಲ್ಲ ನನಗೆ ಆ ಬಾಟಲಿ ಕಣ್ಣಮುಂದೆ ಬರುತ್ತದೆ.

ಇಲ್ಲಿಯೂ ಐದರ ಆಸೆಯಿದೆ. ಡಾಟ್ 5 ಎಂಬುದು ಸಿಲಿಕೋನ್ ದ್ರವ. ಪೇಂಟನ್ನು ಕೆಡಿಸುವುದಿಲ್ಲ, ತೇವ ಹೀರುವುದಿಲ್ಲ. ಆದರೆ ಮೂರು, ನಾಲ್ಕರೊಡನೆ ಬೆರೆಯುವುದೂ ಇಲ್ಲ. ಹೇಗೋ ಒಳಹೊಕ್ಕ ನೀರು ಕರಗದೆ ತಗ್ಗಿನಲ್ಲಿ ಕುಳಿತು ತುಕ್ಕು ಹಿಡಿಸುತ್ತದೆ. ಡಾಟ್ 5.1 ಎಂದಿದ್ದರೆ ಮತ್ತೆ ಗ್ಲೈಕಾಲ್ ಜಾತಿಯೇ. ಹೆಸರಿಟ್ಟವರು ನಮ್ಮಂಥವರನ್ನು ನೆನೆಯಲಿಲ್ಲವೆಂದು ತೋರುತ್ತದೆ.

ಈ ಹುಡುಗನ ತಾಯಿ ಒಮ್ಮೆ ನನ್ನೊಡನೆ, ಮಗನನ್ನು ಕನ್ನಡ ಮಾಧ್ಯಮಕ್ಕೆ ಹಾಕಿದ್ದು ತಪ್ಪಾಯಿತೇ ಎಂದು ಕೇಳಿದ್ದುಂಟು. ನಾನು ಸುಳ್ಳು ಸಮಾಧಾನ ಹೇಳಲಿಲ್ಲ. ಇಂಗ್ಲಿಷಿನ ಹತ್ತು ಸಾಲು ಓದಲು ಹಿಂಜರಿದದ್ದರಿಂದ ಒಬ್ಬ ನಿರಪರಾಧಿ ಹುಡುಗ ನನ್ನ ಪಾಲಿನ ಬೈಗುಳ ತಿಂದದ್ದನ್ನು ಅವಳಿಗೆ ಹೇಳಿದೆ. ಓದಿದ ಮೇಲೆ ಅದರ ಅರ್ಥ ತಿಳಿಸಿಕೊಟ್ಟದ್ದು ಮಾಷ್ಟ್ರ ಸೋಗೆ ಎಂಬುದನ್ನೂ ಹೇಳಿದೆ.

ಹುಡುಗ ಎಲ್ಲವನ್ನೂ ಕೇಳಿ "ಹಾಗಾದರೆ ನಮ್ಮ ಕಾರಿಗೆ ಯಾವುದು?" ಎಂದ. "ನಿನ್ನ ಅಜ್ಜನ ಪೆಟ್ಟಿಗೆಯಲ್ಲಿ ಕೈಪಿಡಿ ಇದ್ದೀತು, ಹುಡುಕು" ಎಂದೆ. ಮೂರನೆಯ ದಿನ ತಂದ. ತೀರ್ವೆ ರಶೀದಿಗಳ ಕಟ್ಟಿನೊಳಗಿತ್ತಂತೆ. ಅಂಚನ್ನು ಗೆದ್ದಲು ತಿಂದಿತ್ತು, ಎಣ್ಣೆಗಳ ಪುಟ ಉಳಿದಿತ್ತು. ಜಗಲಿಯಲ್ಲಿ ಕುಳಿತು ಪದಪದವಾಗಿ ಗಟ್ಟಿಯಾಗಿ ಓದತೊಡಗಿದ. ನಾನು ಅವಸರಪಡಿಸಲಿಲ್ಲ. ಹಿಂದಿನ ಆಕ್ಸಲಿನ ಸಾಲಿಗೆ ಬಂದಾಗ 'ಹೈಪಾಯ್ಡ್' ಎಂಬಲ್ಲಿ ನಿಂತ. ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಕ್ರೌನ್ ಚಕ್ರ ಬರೆದು, ಅದರ ನಡುಗೆರೆಗಿಂತ ಕೆಳಗೆ ಪಿನಿಯನ್ ಬರೆದು ತೋರಿಸಿದೆ. ಹೀಗೆ ತಗ್ಗಿಸಿ ಇಟ್ಟಿರುವುದರಿಂದ ಹಲ್ಲುಗಳು ಬರಿದೆ ಉರುಳುವುದಿಲ್ಲ, ಒಂದರ ಮೇಲೊಂದು ಒತ್ತಿಕೊಂಡು ಜಾರುತ್ತವೆ. ಉಕ್ಕಿನ ಮೇಲೆ ಉಕ್ಕು.

"ಅಲ್ಲಿ ಹಿತ್ತಾಳೆ ಇಲ್ಲವಲ್ಲ ಮಾವ?" ಎಂದು ಕೇಳಿದ.

"ಹಲ್ಲಿನಲ್ಲಿ ಇಲ್ಲ" ಎಂದೆ.

ಅವನು ಎದ್ದುಹೋಗಿ ತನ್ನ ಐದರ ಡಬ್ಬಿಯನ್ನು ಕಪಾಟಿನಿಂದ ತಂದು, ಅದರ ಮೇಲೆ ಪೆನ್ನಿನಿಂದ 'ಹಿಂದಿನ ಆಕ್ಸಲಿಗೆ ಮಾತ್ರ' ಎಂದು ಬರೆದ. ಗೇರ್ ಬಾಕ್ಸಿನ ಸಾಲನ್ನು ಇನ್ನೊಮ್ಮೆ ಓದಬೇಕೆಂದು ಪುಸ್ತಕವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡ.